ದೂರು: ಬರಿಗೈಯಲ್ಲಿ ಡಾಂಬರು ಉಂಡೆ ಎತ್ತಿಸಿದ್ದರ ಬಗ್ಗೆ

ಮ್ಯಾನೇಜರ್ ಸಾಹೇಬರಿಗೆ ನಮಸ್ಕಾರ.

ನನ್ನ ತಮ್ಮ ಈ ಬೇಸಿಗೆಯಲ್ಲಿ ನಿಮ್ಮ ಕಂಪನಿ ಕೆಲಸಕ್ಕೆ ಗೋವಾಕ್ಕೆ ಬಂದಿದ್ದ. ಬೀಚ್ ಗುಡಿಸುವ ಕೆಲಸ ಅಂತ ಹೇಳಿ ನಿಮ್ಮ ಮುಕಾದಮ ನಮ್ಮೂರಿನಿಂದ ಕರೆದುಕೊಂಡು ಹೋಗಿದ್ದ. ಮೇ ಕೊನೆಗೆ ಡಾಂಬರು ಉಂಡೆ, ಅಂದರೆ ಸಮುದ್ರಕ್ಕೆ ಬಿದ್ದ ಕಚ್ಚಾ ಎಣ್ಣೆ, ಹಡಗಿನ ಎಣ್ಣೆ ಗಟ್ಟಿಯಾಗಿ ಆಗುವ ಅಂಟು ಮುದ್ದೆ, ದಡಕ್ಕೆ ಬಂದಾಗ ಅದನ್ನೂ ಇವರ ಕೈಯಲ್ಲೇ ಎತ್ತಿಸಿದಿರಿ. ಗ್ಲೌಸ್ ಇಲ್ಲ, ಬೂಟಿಲ್ಲ. ಈಗ ಎರಡೂ ಅಂಗೈ ಬಿರಿದು, ಮೊಣಕೈವರೆಗೆ ಗುಳ್ಳೆ ಎದ್ದು ಮನೆ ಸೇರಿದ್ದಾನೆ. ರೊಟ್ಟಿ ಮುರಿಯಲೂ ಆಗುತ್ತಿಲ್ಲ.

ಈ ಉಂಡೆ ದಿಢೀರ್ ಅಂತ ಬಂದದ್ದು ಅನ್ನಬೇಡಿ. ಮಳೆಗಾಲ ಹತ್ತಿರ ಬಂತೆಂದರೆ ಗೋವಾ ದಡಕ್ಕೆ ವರ್ಷಾ ವರ್ಷಾ ಇದು ಬರುತ್ತದೆ. ಸಮುದ್ರದಲ್ಲಿ ಚೆಲ್ಲಿದ ಎಣ್ಣೆ, ಹಡಗಿನವರು ಟ್ಯಾಂಕ್ ತೊಳೆದು ಬಿಟ್ಟ ಎಣ್ಣೆ, ಅದರಲ್ಲಿನ ಹಗುರ ಅಂಶ ಆವಿಯಾಗಿ ಹೋಗಿ ಉಳಿದದ್ದು ಅಲೆಗೆ ಸಿಕ್ಕಿ ಉಂಡೆ ಕಟ್ಟುತ್ತದೆ, ಪಶ್ಚಿಮದ ಗಾಳಿ ಅದನ್ನು ದಡಕ್ಕೆ ತಳ್ಳುತ್ತದೆ. ಅಲ್ಲೇ ದೋನಾ ಪಾವ್ಲಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಇದನ್ನೇ ಅಧ್ಯಯನ ಮಾಡಿದ್ದಾರೆ. ಬೀಚ್ ಗುತ್ತಿಗೆ ಹಿಡಿದವರಿಗೆ ಇದು ಗೊತ್ತಿರಬೇಕಲ್ವಾ?

ನನಗೆ ಜಾಸ್ತಿ ಸಿಟ್ಟು ಬಂದದ್ದು ಡೀಸೆಲ್ ವಿಷಯಕ್ಕೆ. ಸಂಜೆ ಕೈಯ ಅಂಟು ಹೋಗುತ್ತಿಲ್ಲ ಅಂದರೆ ನಿಮ್ಮ ಸೂಪರ್‌ವೈಸರ್ ಒಂದು ಡಬ್ಬಿ ಡೀಸೆಲ್ ಕೊಟ್ಟು, ಇದರಲ್ಲಿ ಉಜ್ಜಿಕೊಳ್ಳಿ ಅಂದರಂತೆ, ಅದೂ ದಿನಾಲೂ. ಡೀಸೆಲ್, ಪೆಟ್ರೋಲ್, ಸೀಮೆಎಣ್ಣೆ ಚರ್ಮಕ್ಕೆ ಆ ಡಾಂಬರಿಗಿಂತ ಕೆಟ್ಟದ್ದು. ಅಡುಗೆ ಎಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಹಚ್ಚಿ ತಿಕ್ಕಿ, ಸಾಬೂನು ಹಾಕಿ ತೊಳೆದರೆ ಹೋಗುತ್ತದೆ. ಒಂದು ಬಾಟಲಿ ಕೊಬ್ಬರಿ ಎಣ್ಣೆಗೆ ನಿಮ್ಮ ಹತ್ತಿರ ದುಡ್ಡಿರಲಿಲ್ಲವೇ?

ಎತ್ತಿದ್ದನ್ನೆಲ್ಲ ಚೀಲಕ್ಕೆ ತುಂಬಿ ಸಾಗಿಸಿದ್ದೂ ಇಲ್ಲ. ಎಷ್ಟನ್ನೋ ಅಲ್ಲೇ ಗುಂಡಿ ತೋಡಿ ಉಸುಕಿನಲ್ಲಿ ಮುಚ್ಚಿಸಿದರಂತೆ. ಮಳೆಗಾಲದ ಅಲೆ ಉಸುಕು ಎಳೆದುಕೊಂಡು ಹೋದ ಮೇಲೆ ಅದು ಮತ್ತೆ ಮೇಲೆ ಬರುತ್ತದೆ, ಮತ್ತೆ ಯಾರದೋ ಮನೆಯ ಹುಡುಗ ಬರಿಗೈಯಲ್ಲಿ ಎತ್ತಬೇಕು. 2017ರಲ್ಲಿ ಚೆನ್ನೈ ಹತ್ತಿರ ಎಣ್ಣೂರಿನಲ್ಲಿ ಎರಡು ಹಡಗು ಡಿಕ್ಕಿಯಾಗಿ ಎಣ್ಣೆ ಚೆಲ್ಲಿದಾಗ ಜನ ಅದನ್ನು ಬಕೆಟಿನಲ್ಲಿ ಮೊಗೆದು ಹಾಕಿದ್ದನ್ನು ಇಡೀ ದೇಶ ನೋಡಿದೆ. ಅಷ್ಟಾದ ಮೇಲೂ ಒಂದು ಜೊತೆ ಗ್ಲೌಸ್ ಕೊಡಲಿಲ್ಲ ಅಂದರೆ ಏನು ಹೇಳುವುದು.

ತಮ್ಮನ ಬಾಕಿ ಪಗಾರ ಕೊಡಿ. ಬಾಗಲಕೋಟೆಯ ಚರ್ಮದ ಡಾಕ್ಟರಿಗೆ, ಔಷಧಿಗೆ ಆದ ಖರ್ಚು ಕೊಡಿ, ಬಿಲ್ ಜೊತೆಗಿಟ್ಟಿದ್ದೇನೆ. ಕೈ ವಾಸಿಯಾಗುವವರೆಗಿನ ದಿನಗೂಲಿಯೂ ನಿಮ್ಮ ಮೇಲೆಯೇ ಇದೆ. ನಮ್ಮ ಕಡೆಯ ಹುಡುಗರು ಇನ್ನೂ ನಿಮ್ಮಲ್ಲಿ ದುಡಿಯುತ್ತಿದ್ದಾರೆ, ಅವರಿಗೆ ಇವತ್ತೇ ಗ್ಲೌಸ್, ಗಮ್‌ಬೂಟ್ ಕೊಡಿ, ಆ ಡೀಸೆಲ್ ಡಬ್ಬಿ ಅಲ್ಲಿಂದ ತೆಗೆಸಿ. 15 ದಿನದೊಳಗೆ ಉತ್ತರ ಬರದಿದ್ದರೆ ಇದೇ ಪತ್ರ, ಅವನ ಕೈಯ ಫೋಟೋ ಸಮೇತ, ಕಾರ್ಮಿಕ ಇಲಾಖೆಗೆ ಹೋಗುತ್ತದೆ.

ಇಂತಿ,
ನಿಮ್ಮ ಕೆಲಸಗಾರನ ಅಕ್ಕ
ಬಾದಾಮಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ