ನೀತಿ ಹೇಳುವ ಆತುರ ಬೇಡ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮಗನಿಗೆ ದಿನಾ ರಾತ್ರಿ ಪಂಚತಂತ್ರದ ಕಥೆ ಹೇಳುತ್ತಿದ್ದೇನೆ ಎಂದು ಬರೆದಿದ್ದೀಯ. ಓದಿ ಖುಷಿಯಾಯಿತು. ಆದರೆ ಕ್ರೂರವಾದ ಕಡೆಯೆಲ್ಲ ಬಿಟ್ಟು ಹೇಳುತ್ತೇನೆ, ಕೊನೆಗೆ ನೀತಿ ಬಿಡಿಸಿ ಹೇಳುತ್ತೇನೆ ಎಂದಿದ್ದೀಯಲ್ಲ, ಅವೆರಡೂ ಬೇಡ ಕಣೇ.

ಮೊಸಳೆಯ ಕಥೆಯನ್ನೇ ತಗೋ. ಕೋತಿ ಉದುರಿಸಿದ ನೇರಳೆಹಣ್ಣನ್ನು ಮೊಸಳೆ ತಾನೂ ತಿಂದು ಹೆಂಡತಿಗೂ ಒಯ್ಯುತ್ತದೆ. ದಿನಾ ಇಂಥ ಹಣ್ಣು ತಿನ್ನುವವನ ಗುಂಡಿಗೆ ಇನ್ನೆಷ್ಟು ಸಿಹಿಯಾಗಿರಬೇಡ ಎಂದು ಅವಳು ಹಟ ಹಿಡಿಯುತ್ತಾಳೆ. ಮೊಸಳೆ ಗೆಳೆಯನನ್ನು ಊಟಕ್ಕೆ ಕರೆದು, ಬೆನ್ನ ಮೇಲೆ ಕೂರಿಸಿಕೊಂಡು ಹೊರಡುತ್ತದೆ. ನಡುನೀರಿನಲ್ಲಿ ನಿಜ ಹೇಳಿಬಿಡುತ್ತದೆ! ಗುಂಡಿಗೆ ಮರದಲ್ಲೇ ಉಳಿದಿದೆ ಎಂಬ ಕೋತಿಯ ಉಪಾಯ ಎಲ್ಲರಿಗೂ ಗೊತ್ತು. ನೀನು ಅದಕ್ಕೂ ಮುಂಚೆ ನಿಲ್ಲಿಸು. ಮೊಸಳೆ ಬಾಯಿ ಬಿಟ್ಟಿದ್ದು ಯಾಕೆ? ಸುಮ್ನೆ ಮನೆ ಮುಟ್ಟಿಸಿದ್ದರೆ ಕೆಲಸ ಮುಗಿಯುತ್ತಿತ್ತು, ಅಲ್ವಾ? ಇನ್ನು ತಪ್ಪಿಸಿಕೊಳ್ಳಲಾರ ಎಂಬ ಧೈರ್ಯವೋ, ಗೆಳೆಯನಿಗೆ ಮೋಸ ಮಾಡುತ್ತಿದ್ದೇನೆ ಎಂದು ಒಳಗೇ ಚುಚ್ಚಿತೋ? ಮಗನನ್ನೇ ಕೇಳು. ಅವನು ಏನು ಹೇಳಿದರೂ ತಿದ್ದಬೇಡ. ನೀತಿ ಬಂತೆಂದರೆ ಪಾಠ ಮುಗಿಯಿತು ಎಂದು ಮಕ್ಕಳು ಯೋಚಿಸುವುದನ್ನೇ ಬಿಡುತ್ತಾರೆ.

ಪ್ರಾಣಿಗಳನ್ನು ಇಟ್ಟುಕೊಂಡಿದ್ದೂ ಜಾಣತನವೇ. ನರಿ ಎಂದರೆ ಸಾಕು, ಸ್ವಭಾವ ವಿವರಿಸುವ ಕೆಲಸವಿಲ್ಲ. ಕೇಳುವವರಿಗೆ ಮುನಿಸೂ ಬರುವುದಿಲ್ಲ. ವಿಷ್ಣುಶರ್ಮ ಪಾಠ ಹೇಳಬೇಕಾಗಿದ್ದು ರಾಜನ ಮೂವರು ದಡ್ಡ ಮಕ್ಕಳಿಗೆ. ರಾಜಕುಮಾರರ ಮುಖ ನೋಡಿ ನೀವು ದಡ್ಡರು ಎನ್ನೋಕಾಗುತ್ತಾ?

ಇನ್ನು ಕ್ರೂರತನದ ಮಾತು. ಮೊದಲ ತಂತ್ರದಲ್ಲಿ ದಮನಕನೆಂಬ ನರಿ ಚಾಡಿ ಹೇಳಿ, ಸಿಂಹಕ್ಕೂ ಎತ್ತಿಗೂ ಇದ್ದ ಸ್ನೇಹ ಮುರಿಯುತ್ತದೆ. ಸಿಂಹ ಎತ್ತನ್ನು ಕೊಲ್ಲುತ್ತದೆ. ನರಿಗೆ ಶಿಕ್ಷೆಯೇ ಇಲ್ಲ! ಎಂಟನೆಯ ಶತಮಾನದಲ್ಲಿ ಅರಬ್ಬಿ ಭಾಷೆಗೆ ತಂದ ಇಬ್ನ್ ಅಲ್ ಮುಕಫ್ಫನಿಗೂ ಇದು ತಡೆಯಲಾಗಲಿಲ್ಲವೇನೋ. ಅವನ ಪುಸ್ತಕದಲ್ಲಿ ನರಿಯ ವಿಚಾರಣೆಗೆಂದೇ ಒಂದು ಅಧ್ಯಾಯ ಜಾಸ್ತಿ ಇದೆ, ಅಲ್ಲಿ ಅದಕ್ಕೆ ಸಾವಿನ ಶಿಕ್ಷೆಯೂ ಆಗುತ್ತದೆ. ನನಗೇನೋ ಹಳೆಯದೇ ಇಷ್ಟ. ಚಾಡಿಕೋರರು ಗೆದ್ದು ಮೆರೆಯುವುದನ್ನು ನಿನ್ನ ಮಗ ಶಾಲೆಯಲ್ಲೇ ನೋಡುತ್ತಾನೆ. ಆಗ ಕಥೆ ಅವನಿಗೆ ಸುಳ್ಳು ಅನ್ನಿಸಬಾರದು. ಸುಮಾರು 1031ರಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹ ಚಾಲುಕ್ಯರ ಸಂಧಿವಿಗ್ರಹಿ. ಯುದ್ಧ, ಒಪ್ಪಂದ ನೋಡಿಕೊಳ್ಳುತ್ತಿದ್ದವನು. ಅರಮನೆಯ ಚಾಡಿ ಅವನಿಗೆ ಗೊತ್ತಿಲ್ಲದ್ದೇ?

ಹಾಗಂತ ಎಲ್ಲವನ್ನೂ ಈಗಲೇ ಹೇಳು ಎನ್ನುತ್ತಿಲ್ಲ. ಮಗುವನ್ನು ಹಾವಿನಿಂದ ಕಾಪಾಡಿದ ಮುಂಗುಸಿಯ ಕಥೆ ಇನ್ನೊಂದು ವರ್ಷ ಇರಲಿ. ಹೇಳುವ ದಿನ ಮಾತ್ರ ಮುಂಗುಸಿಯನ್ನು ಬದುಕಿಸಬೇಡ. ಮಲಗುವ ಹೊತ್ತಿಗೆ ಬೇಡ, ಹಗಲಲ್ಲೇ ಹೇಳು. ಪ್ರಶ್ನೆಗಳು ಬೇಗ ಮುಗಿಯುವುದಿಲ್ಲ.

ಇಂತಿ ನಿನ್ನ
ದೊಡ್ಡಮ್ಮ