ಈ ಹಂಗಾಮಿನಿಂದ ಕಾಟಾಗಳಿಗೆ ಯುಎಸ್‌ಬಿ ಕೇಬಲ್ ಇಲ್ಲ, ಸೀರಿಯಲ್ ಕಾರ್ಡ್ ಹಾಕುತ್ತೇವೆ

ಮುಧೋಳ, ಜಮಖಂಡಿ, ಮಹಾಲಿಂಗಪುರ, ಬೀಳಗಿ ಕಡೆಯ ನಮ್ಮ ಎಲ್ಲ ಕಾಟಾ (ಕಬ್ಬಿನ ಗಾಡಿ ತೂಗುವ ಜಾಗ) ಮಾಲೀಕರಿಗೆ, ಹಗಲು ರಾತ್ರಿ ಕಾಟಾ ಕ್ಯಾಬಿನ್‌ನಲ್ಲಿ ಕೂರುವ ತಮ್ಮಂದಿರಿಗೆ, ಹಾಲಿನ ಡೇರಿಯವರಿಗೆ ಶರಣು.

ತೂಕದ ಇಂಡಿಕೇಟರನ್ನು, ಅಂದರೆ ತೂಕದ ಅಂಕಿ ತೋರಿಸುವ ಯಂತ್ರವನ್ನು, ಕಂಪ್ಯೂಟರಿಗೆ ಜೋಡಿಸಲು ಇಷ್ಟು ದಿನ ನಾವು ಒಂದು ಯುಎಸ್‌ಬಿ ಕೇಬಲ್ ಕೊಡುತ್ತಿದ್ದೆವು. ಈ ಹಂಗಾಮಿನಿಂದ ಅದನ್ನು ಕೊಡುವುದಿಲ್ಲ. ಅದರ ಬದಲು ಕಂಪ್ಯೂಟರ್ ಒಳಗೇ ಸೀರಿಯಲ್ ಪೋರ್ಟ್ ಕಾರ್ಡ್, ಅಂದರೆ ಇಂಡಿಕೇಟರಿನ ತಂತಿ ನೇರವಾಗಿ ಚುಚ್ಚುವ ಕಿಂಡಿ ಇರುವ ಕಾರ್ಡ್, ಕೂರಿಸಿ ಕೊಡುತ್ತೇವೆ. ಕೇಬಲ್‌ಗಿಂತ ಇದಕ್ಕೆ ಖರ್ಚು ಜಾಸ್ತಿ. ನಿಮ್ಮ ದುಡ್ಡು ಕೇಳುವಾಗ ಕಾರಣವನ್ನೂ ಹೇಳಬೇಕು ಅಲ್ವಾ? ಅದಕ್ಕೇ ಈ ಪತ್ರ.

ಹೋದ ಹಂಗಾಮಿನಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಒಂದು ಕಾಟಾದಿಂದ ಫೋನ್ ಬಂತು. ಇಂಡಿಕೇಟರ್ ಮೇಲೆ ಕೆಂಪು ಅಂಕಿ ಸರಿಯಾಗಿ ಕಾಣುತ್ತಿದೆ, ಕಂಪ್ಯೂಟರಿಗೆ ಮಾತ್ರ ತೂಕ ಬರುತ್ತಿಲ್ಲ ಅಂದರು. ಹೊರಗೆ ಕಬ್ಬಿನ ಟ್ರ್ಯಾಕ್ಟರ್‌ಗಳ ಸಾಲು. ನಾವು ಹೋಗಿ ಮುಟ್ಟುವಷ್ಟರಲ್ಲಿ ಒಂದೂವರೆ ತಾಸು ಆಗಿತ್ತು. ನೋಡಿದರೆ, ಮೊಬೈಲ್ ಚಾರ್ಜಿಗೆ ಹಾಕಲು ಯಾರೋ ಕೇಬಲ್ ಕಿತ್ತಿದ್ದಾರೆ. ಆಮೇಲೆ ಅದನ್ನು ಪಕ್ಕದ ಕಿಂಡಿಗೆ ಚುಚ್ಚಿದ್ದಾರೆ. ವಿಂಡೋಸ್ ಅದನ್ನು ಹೊಸ ಸಾಮಾನು ಅಂತ ತಿಳಿದು, ಕಾಮ್ 3 ಇದ್ದ ನಂಬರನ್ನು ಕಾಮ್ 5 ಮಾಡಿದೆ (ಕಾಮ್ ಅಂದರೆ ಸೀರಿಯಲ್ ಪೋರ್ಟಿಗೆ ವಿಂಡೋಸ್ ಇಡುವ ಹೆಸರು). ತೂಕದ ಸಾಫ್ಟ್‌ವೇರ್ ಪಾಪ ಕಾಮ್ 3ರ ಬಾಗಿಲಲ್ಲೇ ಕಾಯುತ್ತಿದೆ.

ನಂಬರ್ ಸರಿಮಾಡಲು ಎರಡು ನಿಮಿಷ ಸಾಕಾಯಿತು. ಆದರೆ ಅಷ್ಟರಲ್ಲಿ ಕ್ಯಾಬಿನ್‌ನ ಹುಡುಗ ಇಂಡಿಕೇಟರ್ ನೋಡಿಕೊಂಡು ತೂಕವನ್ನು ಕೈಯಿಂದಲೇ ಟೈಪ್ ಮಾಡಿ ಚೀಟಿ ಕೊಡುತ್ತಿದ್ದ. ಒಂದು ಚೀಟಿಯಲ್ಲಿ 24,860 ಕಿಲೋ ಇರಬೇಕಾದಲ್ಲಿ 24,680 ಬಿದ್ದಿತ್ತು. ಅಂದರೆ 180 ಕಿಲೋ ಕಮ್ಮಿ. ಆ ರೈತರು ಹೊರಗಿನಿಂದ ಅಂಕಿ ನೋಡಿಟ್ಟುಕೊಂಡಿದ್ದರು, ಹಿಡಿದರು. ಹುಡುಗ ಮೋಸ ಮಾಡಿರಲಿಲ್ಲ, ನಿದ್ದೆಗಣ್ಣಿನಲ್ಲಿ ಎರಡು ಅಂಕಿ ಅದಲುಬದಲಾಗಿದ್ದವು. ಆದರೂ ವರ್ಷವಿಡೀ ನೀರು ಹಾಯಿಸಿ ಬೆಳೆದ ಕಬ್ಬು ಅದು. ಆ ಅಜ್ಜ ಚೀಟಿ ಹಿಡಿದು ನಿಂತ ರೀತಿ ನಮಗೆ ಇನ್ನೂ ಕಣ್ಣ ಮುಂದೆ ಇದೆ. ಆ ಕೇಬಲ್ ಕೊಟ್ಟವರು ನಾವೇ.

ಕೇಬಲ್‌ಗಳೆಲ್ಲ ಕೆಟ್ಟವು ಅಂತ ಹೇಳುತ್ತಿಲ್ಲ. ಒಳ್ಳೆ ಚಿಪ್ ಇರುವ ಕೇಬಲ್ ಆಫೀಸಿನಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಕಾಟಾ ಕ್ಯಾಬಿನ್ ಆಫೀಸ್ ಅಲ್ಲ. ಅಲ್ಲಿ ಧೂಳು, ಪಕ್ಕದಲ್ಲೇ ವೆಲ್ಡಿಂಗ್, ಮೋಟಾರ್, ಜನರೇಟರ್. ಕರೆಂಟ್ ಒಮ್ಮೆ ಜಗ್ಗಿದರೆ ಕೇಬಲ್ ಒಂದು ಕ್ಷಣ ಸತ್ತು ಮತ್ತೆ ಎದ್ದೇಳುತ್ತದೆ. ಸಾಫ್ಟ್‌ವೇರ್‌ಗೆ ಅಷ್ಟೇ ಸಾಕು, ಕೈಬಿಡುತ್ತದೆ. ಕರೆಂಟ್ ಉಳಿಸಲು ವಿಂಡೋಸ್ ತಾನೇ ಯುಎಸ್‌ಬಿಯನ್ನು ಮಲಗಿಸುವುದೂ ಉಂಟು. ಇನ್ನು ಅಗ್ಗದ ಕೇಬಲ್‌ಗಳಲ್ಲಿ ನಕಲಿ ಚಿಪ್ ಬರುತ್ತದೆ. ಅಪ್‌ಡೇಟ್ ಆಗಿ ಹೊಸ ಡ್ರೈವರ್ (ಕೇಬಲ್ ನಡೆಸುವ ಸಾಫ್ಟ್‌ವೇರ್) ಬಂದ ದಿನ ಅದನ್ನು ಒಪ್ಪಿಕೊಳ್ಳುವುದೇ ಇಲ್ಲ, ಹಳದಿ ಗುರುತು ಕಾಣುತ್ತದೆ.

ಹಾಗಾದರೆ ಇಂಡಿಕೇಟರ್ ತಯಾರಿಸುವವರೇ ಯಾಕೆ ಬದಲಾಗುತ್ತಿಲ್ಲ ಅಂತ ನೀವು ಕೇಳಬಹುದು. ಅವರು ಬಳಸುವ ಆರ್‌ಎಸ್-232 ಪದ್ಧತಿ ಅಮೆರಿಕದಲ್ಲಿ 1960ರಲ್ಲೇ ಬಂದದ್ದು. ತೂಕ ಕಳಿಸಲು ಮೂರೇ ತಂತಿ ಸಾಕು: ಕಳಿಸಲು ಒಂದು, ಪಡೆಯಲು ಒಂದು, ಗ್ರೌಂಡ್ ಒಂದು. ಕೆಟ್ಟರೆ ಮೀಟರ್ ಹಿಡಿದು ಹುಡುಕಬಹುದು. ನಮಗೂ ಅದೇ ಇಷ್ಟ. ಬದಲಾದದ್ದು ಕಂಪ್ಯೂಟರ್. ಮೊದಲೆಲ್ಲ ಹಿಂದೆ ಒಂಬತ್ತು ಪಿನ್ನಿನ ಪೋರ್ಟ್ ತಾನಾಗಿಯೇ ಇರುತ್ತಿತ್ತು. ಈಗಿನ ಹೆಚ್ಚಿನವುಗಳಲ್ಲಿ ಇಲ್ಲ.

ಇನ್ನು ಕೆಲಸ ಹೇಗೆ ಮಾಡುತ್ತೇವೆ ಅಂತ ಹೇಳುತ್ತೇವೆ, ಪಕ್ಕದಲ್ಲಿ ನಿಂತು ನೋಡಿ, ಕೇಳಿ.

ಮೊದಲು ನಿಮ್ಮ ತೂಕದ ದಾಖಲೆಗಳನ್ನು ಪೆನ್‌ಡ್ರೈವ್‌ಗೆ ತೆಗೆದು ನಿಮ್ಮ ಕೈಗೇ ಕೊಡುತ್ತೇವೆ. ಆಮೇಲೇ ಪೆಟ್ಟಿಗೆ ಬಿಚ್ಚುವುದು. ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ಗನ್ನೂ ಕೀಳುತ್ತೇವೆ. ಬರೀ ಆಫ್ ಮಾಡಿದರೆ ಒಳಗಿನ ಮದರ್‌ಬೋರ್ಡಿನಲ್ಲಿ ಸ್ವಲ್ಪ ಕರೆಂಟ್ ಉಳಿದಿರುತ್ತದೆ. ಬಿಚ್ಚಿದ ಮೇಲೆ ಮೊದಲು ನೋಡುವುದು ಕಾರ್ಡ್ ಬೇಕೋ ಬೇಡವೋ ಅಂತ. ಎಷ್ಟೋ ಬೋರ್ಡ್‌ಗಳಲ್ಲಿ ಹಿಂದೆ ಪೋರ್ಟ್ ಇಲ್ಲದಿದ್ದರೂ ಒಳಗೆ ಸಣ್ಣ ಪಿನ್ನುಗಳ ಸಾಲು ಇರುತ್ತದೆ, ಪಕ್ಕದಲ್ಲಿ ಕಾಮ್ ಅಂತ ಬರೆದಿರುತ್ತದೆ. ಅದಕ್ಕೊಂದು ಪಟ್ಟಿ ಕೇಬಲ್ ಮತ್ತು ಬ್ರಾಕೆಟ್ ಹಾಕಿದರೆ ಪೋರ್ಟ್ ಸಿದ್ಧ, ಕಾರ್ಡಿನ ದುಡ್ಡು ಉಳಿಯಿತು. ಈ ಪಟ್ಟಿ ಕೇಬಲ್‌ಗಳಲ್ಲಿ ಪಿನ್ ಜೋಡಣೆ ಎರಡು ಥರ ಇರುತ್ತದೆ. ತಪ್ಪು ಥರದ್ದು ಹಾಕಿದರೆ ನೋಡಲು ಎಲ್ಲ ಸರಿ ಇದ್ದರೂ ಒಂದಕ್ಷರವೂ ಬರುವುದಿಲ್ಲ. ಹಾಗಾಗಿ ನೀವೇ ಪೇಟೆಯಿಂದ ತರಬೇಡಿ, ನಾವು ನೋಡಿ ತರುತ್ತೇವೆ.

ಆ ಪಿನ್ನುಗಳು ಇಲ್ಲದಿದ್ದರೆ ಕಾರ್ಡ್. ಹಳೆ ಪಿಸಿಐ ಕಾರ್ಡ್ ಯಾರ ಹತ್ತಿರವಾದರೂ ಬಿದ್ದಿದ್ದರೆ ಹೊಸ ಬೋರ್ಡಿಗೆ ಅದು ಕೂರುವುದಿಲ್ಲ, ಸುಮ್ನೆ ಒತ್ತಬೇಡಿ. ಈಗ ಬೇಕಾದದ್ದು ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್. ಅದರ ಕಾಲು ಸಣ್ಣದು. ಸಣ್ಣ ಸ್ಲಾಟ್ ಖಾಲಿ ಇಲ್ಲದಿದ್ದರೆ ಉದ್ದದ ಸ್ಲಾಟಿನಲ್ಲೂ ಕೂರುತ್ತದೆ, ಕೆಲಸ ಮಾಡುತ್ತದೆ. ತೆಳ್ಳಗಿನ ಪೆಟ್ಟಿಗೆಗೆ ಗಿಡ್ಡ ಬ್ರಾಕೆಟ್ ಬೇಕು, ಅದನ್ನೂ ಜೊತೆಗೇ ತರುತ್ತೇವೆ. ಕೈಯನ್ನು ಪೆಟ್ಟಿಗೆಯ ಲೋಹಕ್ಕೆ ಮುಟ್ಟಿಸಿ, ಕಾರ್ಡಿನ ಅಂಚು ಹಿಡಿದು ನೇರವಾಗಿ ಒತ್ತಿ, ಸ್ಕ್ರೂ ಬಿಗಿಯುತ್ತೇವೆ. ಆ ಒಂದು ಸ್ಕ್ರೂ ಮುಖ್ಯ. ಅದಿಲ್ಲದಿದ್ದರೆ ಹೊರಗಿನ ಕೇಬಲ್ ಜಗ್ಗಿದಾಗ ಕಾರ್ಡ್ ಓರೆಯಾಗುತ್ತದೆ. ಕೆಲವು ಕಾರ್ಡ್‌ಗಳ ಮೇಲೆ ಒಂಬತ್ತನೇ ಪಿನ್ನಿಗೆ 5 ಅಥವಾ 12 ವೋಲ್ಟ್ ಕೊಡುವ ಜಂಪರ್ (ಸಣ್ಣ ಕ್ಲಿಪ್) ಇರುತ್ತದೆ. ಅದು ಬಿಲ್ಲಿಂಗ್ ಯಂತ್ರಗಳಿಗೆ. ಇಂಡಿಕೇಟರಿಗೆ ಆ ವೋಲ್ಟೇಜ್ ಬೇಡ, ಅದನ್ನು ತೆಗೆದೇ ಕೂರಿಸುತ್ತೇವೆ.

ಕಂಪ್ಯೂಟರ್ ಆನ್ ಆದ ಮೇಲೆ ಡ್ರೈವರ್ ಹಾಕಿ, ಡಿವೈಸ್ ಮ್ಯಾನೇಜರ್‌ನಲ್ಲಿ ಪೋರ್ಟ್ ನಂಬರ್ ನೋಡುತ್ತೇವೆ. ಇಲ್ಲಿ ಒಂದು ತೊಡಕು ಇದೆ. ಹಳೆ ಯುಎಸ್‌ಬಿ ಕೇಬಲ್‌ಗಳು ಹೋದರೂ ಅವುಗಳ ನಂಬರ್ ವಿಂಡೋಸ್ ಒಳಗೆ ಕೂತೇ ಇರುತ್ತದೆ. ಒಂದು ಕಾಟಾದಲ್ಲಿ ಹೊಸ ಕಾರ್ಡಿಗೆ ಕಾಮ್ 11 ಬಂದಿತ್ತು, ಅವರ ಸಾಫ್ಟ್‌ವೇರ್‌ಗೆ 4ರ ಮೇಲೆ ಎಣಿಸಲು ಬರುತ್ತಿರಲಿಲ್ಲ. ಅಡಗಿರುವ ಹಳೆ ಪೋರ್ಟ್‌ಗಳನ್ನೆಲ್ಲ ತೋರಿಸಿ, ಅಳಿಸಿ, ಆಮೇಲೆ ಅಡ್ವಾನ್ಸ್ಡ್ ಗುಂಡಿ ಒತ್ತಿ ನಿಮ್ಮ ಸಾಫ್ಟ್‌ವೇರ್ ಕೇಳುವ ನಂಬರನ್ನೇ ಕೊಡುತ್ತೇವೆ. ಕಾರ್ಡನ್ನು ಯಾರೂ ಕಿತ್ತು ಬೇರೆ ಕಿಂಡಿಗೆ ಹಾಕುವುದಿಲ್ಲ, ಹಾಗಾಗಿ ಆ ನಂಬರ್ ಇದ್ದಲ್ಲೇ ಇರುತ್ತದೆ. ನಾವು ಇಷ್ಟೆಲ್ಲ ಮಾಡುತ್ತಿರುವುದೇ ಇದಕ್ಕೆ.

ಇಂಡಿಕೇಟರ್ ಜೋಡಿಸುವ ಮೊದಲು ಪೋರ್ಟಿನ 2 ಮತ್ತು 3ನೇ ಪಿನ್ ಸೇರಿಸಿ ಒಂದು ಪರೀಕ್ಷೆ ಮಾಡುತ್ತೇವೆ. ಕೀಬೋರ್ಡಿನಲ್ಲಿ ಒತ್ತಿದ ಅಕ್ಷರ ಹೋಗಿ ವಾಪಸ್ ಪರದೆಗೆ ಬಂದರೆ ಕಾರ್ಡ್ ಚೆನ್ನಾಗಿದೆ ಅಂತ ಅರ್ಥ. ಆಮೇಲೂ ತೂಕ ಬರದಿದ್ದರೆ ದೋಷ ಹೊರಗಿದೆ. ಇದರಿಂದ ಅರ್ಧ ದಿನದ ಹುಡುಕಾಟ ಉಳಿಯುತ್ತದೆ.

ಮುಂದೆ ತೂಕ ಕಳಿಸುವ ವೇಗ (ಬಾಡ್) ಮತ್ತು ರೀತಿ ಹೊಂದಿಸುವುದು. ಎಷ್ಟೋ ಇಂಡಿಕೇಟರ್‌ಗಳು 9600 ಬಾಡ್, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್ ಎನ್ನುತ್ತವೆ. ಇನ್ನು ಕೆಲವು 2400 ಬಾಡ್, 7 ಬಿಟ್, ಈವನ್ ಪ್ಯಾರಿಟಿ. ಎರಡೂ ಕಡೆ ಒಂದೇ ಇರಬೇಕು. ಇಲ್ಲದಿದ್ದರೆ ಪರದೆಯಲ್ಲಿ ತೂಕದ ಬದಲು ಚಿತ್ರವಿಚಿತ್ರ ಗುರುತು ಬರುತ್ತವೆ. ಫ್ಲೋ ಕಂಟ್ರೋಲ್ (ಕಳಿಸುವ ಮೊದಲು ಅಪ್ಪಣೆ ಕೇಳುವ ವ್ಯವಸ್ಥೆ) ಬೇಡ ಅಂತಲೇ ಇಡಬೇಕು. ಮೂರೇ ತಂತಿ ಇರುವಾಗ ಅದನ್ನು ಹಾಕಿದರೆ ಬಾರದ ಅಪ್ಪಣೆಗಾಗಿ ಕಾಯುವುದೇ ಆಗುತ್ತದೆ. ಹೊಂದಿಸುವುದನ್ನು ನಾವು ಯಾವಾಗಲೂ ಕಂಪ್ಯೂಟರ್ ಕಡೆಯಿಂದಲೇ ಮಾಡುತ್ತೇವೆ. ಇಂಡಿಕೇಟರಿಗೆ ಕಾನೂನು ಮಾಪನಶಾಸ್ತ್ರ (ತೂಕ ಅಳತೆ) ಇಲಾಖೆಯವರು ಹಾಕಿದ ಸೀಲನ್ನು ನಾವು ಮುಟ್ಟುವುದಿಲ್ಲ, ನೀವೂ ಬೇರೆಯವರಿಗೆ ಮುಟ್ಟಲು ಬಿಡಬೇಡಿ.

ಒಂದು ಮಾತು ಮುಚ್ಚಿಡುವುದಿಲ್ಲ. ಕಾರ್ಡ್ ಬೋರ್ಡಿನ ಮೇಲೇ ಕೂತಿರುವುದರಿಂದ, ಸಿಡಿಲು ಹೊಡೆದು ತಂತಿಯಲ್ಲಿ ವೋಲ್ಟೇಜ್ ಬಂದರೆ ಅದು ಕಂಪ್ಯೂಟರ್ ಒಳಗೇ ಬರುತ್ತದೆ. ಅದಕ್ಕೇ ಮಧ್ಯದಲ್ಲಿ ಒಂದು ಐಸೋಲೇಟರ್ ಹಾಕುತ್ತೇವೆ. ಅದು ಬೆಳಕಿನ ಮೂಲಕ ಸುದ್ದಿ ದಾಟಿಸುತ್ತದೆ, ಎರಡು ಕಡೆಗೆ ತಂತಿಯ ನಂಟು ಇರುವುದಿಲ್ಲ. ಆದರೂ ನೆತ್ತಿಯ ಮೇಲೆ ಹೊಡೆಯುವ ಸಿಡಿಲಿಗೆ ಇದು ಸಾಲದು. ಮಳೆ, ಗುಡುಗು ಶುರುವಾದರೆ ಪವರ್ ಪ್ಲಗ್, ಸೀರಿಯಲ್ ಕೇಬಲ್ ಎರಡನ್ನೂ ಕಿತ್ತಿಡಿ. ಇಂಡಿಕೇಟರ್ ಮತ್ತು ಕಂಪ್ಯೂಟರ್ ಒಂದೇ ಸ್ವಿಚ್ ಬೋರ್ಡಿನಿಂದ, ಒಂದೇ ಅರ್ಥಿಂಗ್‌ನಿಂದ ಇರಲಿ. ಕ್ಯಾಬಿನ್ ದೂರ ಇರುವವರು ಗಮನಿಸಿ, ಈ ತಂತಿ ಸುಮಾರು 15 ಮೀಟರ್‌ವರೆಗೆ ಮಾತ್ರ ನಂಬಿಕೆಯದ್ದು. ಅದಕ್ಕಿಂತ ಉದ್ದ ಬೇಕಾದರೆ ದೂರಕ್ಕೆ ನಡೆಯುವ ಆರ್‌ಎಸ್-485 ಪದ್ಧತಿ ಹಾಕೋಣ.

ಡೇರಿಯವರಿಗೆ ಎರಡು ಪೋರ್ಟಿನ ಕಾರ್ಡ್ ಹಾಕುತ್ತೇವೆ, ಒಂದು ಹಾಲಿನ ತೂಕಕ್ಕೆ, ಒಂದು ಹಾಲಿನ ಕೊಬ್ಬು ಅಳೆಯುವ ಫ್ಯಾಟ್ ಯಂತ್ರಕ್ಕೆ. ಯಾವುದು ಯಾವುದಕ್ಕೆ ಅಂತ ಹಿಂದೆ ಕನ್ನಡದಲ್ಲಿ ಚೀಟಿ ಅಂಟಿಸುತ್ತೇವೆ. ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆ ಕಾರ್ಡ್ ಕೂರುವುದಿಲ್ಲ. ಅಂಥವರಿಗೆ ಮಾತ್ರ ಒಳ್ಳೆ ಚಿಪ್ಪಿನ ಕೇಬಲ್ ಕೊಟ್ಟು, ಕಿಂಡಿಗೆ ಗುರುತು ಹಾಕಿ ಬರುತ್ತೇವೆ. ವಿಂಡೋಸ್‌ಗಿಂತ ಮೊದಲಿನ ಡಾಸ್ ಕಾಲದ ಹಳೆ ತೂಕದ ಪ್ರೋಗ್ರಾಂ ಇನ್ನೂ ನಡೆಸುತ್ತಿರುವವರು ಮೊದಲೇ ತಿಳಿಸಿ. ಅದು ಪೋರ್ಟನ್ನು ಹಳೆ ವಿಳಾಸದಲ್ಲೇ ಹುಡುಕುತ್ತದೆ, ಹೊಸ ಕಾರ್ಡ್ ಅಲ್ಲಿ ಸಿಗುವುದಿಲ್ಲ.

ದುಡ್ಡಿನ ವಿಷಯ. ಕಾರ್ಡ್ ಮತ್ತು ಐಸೋಲೇಟರ್‌ಗೆ ನಾವು ಕೊಂಡ ಬಿಲ್ ತೋರಿಸಿ ಅಷ್ಟೇ ತೆಗೆದುಕೊಳ್ಳುತ್ತೇವೆ. ಜೋಡಿಸುವ ಕೂಲಿ 500 ರೂಪಾಯಿ. ಹೋದ ಎರಡು ಹಂಗಾಮಿನಲ್ಲಿ ನಮ್ಮಿಂದ ಕೇಬಲ್ ತೆಗೆದುಕೊಂಡವರಿಗೆ ಕೂಲಿ ಇಲ್ಲ, ಹಳೆ ಕೇಬಲ್ ವಾಪಸ್ ಕೊಟ್ಟರೆ ಅದರ ಬೆಲೆಯನ್ನೂ ಬಿಲ್ಲಿನಲ್ಲಿ ಕಳೆಯುತ್ತೇವೆ.

ಕಬ್ಬು ಅರೆಯಲು ಶುರುವಾದ ಮೇಲೆ ಕಾಟಾ ಒಂದು ತಾಸು ನಿಲ್ಲಿಸುವುದೂ ಕಷ್ಟ. ಹಾಗಾಗಿ ದಸರಾ ಒಳಗೆ ಎಲ್ಲರದ್ದೂ ಮುಗಿಸಬೇಕು ಅಂತ ಇದ್ದೇವೆ. ಫೋನ್ ಮಾಡುವ ಮೊದಲು ಕಂಪ್ಯೂಟರಿನ ಹಿಂಭಾಗದ ಒಂದು ಫೋಟೋ, ಇಂಡಿಕೇಟರಿನ ಮಾಡೆಲ್ ಬರೆದ ಚೀಟಿಯ ಒಂದು ಫೋಟೋ ವಾಟ್ಸಾಪ್ ಮಾಡಿ. ಸರಿಯಾದ ಕಾರ್ಡ್ ಹಿಡಿದುಕೊಂಡೇ ಬರುತ್ತೇವೆ.

ಅಲ್ಲಿಯವರೆಗೆ ಕಂಪ್ಯೂಟರಿಗೆ ತೂಕ ಬರದೇ ಹೋದರೆ ದಯವಿಟ್ಟು ಕೈಯಿಂದ ಟೈಪ್ ಮಾಡಬೇಡಿ. ರಾತ್ರಿ ಎಷ್ಟೇ ಹೊತ್ತಾಗಿರಲಿ, ನಮಗೆ ಫೋನ್ ಮಾಡಿ.

ನಿಮ್ಮ ಕಂಪ್ಯೂಟರ್ ಅಂಗಡಿಯವರು,
ಮುಧೋಳ, ಬಾಗಲಕೋಟೆ ಜಿಲ್ಲೆ