ಅಪ್ಪನ ಕಣ್ಣಿನ ಆಪರೇಷನ್ ಮುಂದೆ ಹಾಕಬೇಡಿ

ಝಾತರಿ ನಿರಾಶ್ರಿತರ ಕ್ಯಾಂಪ್, ಜೋರ್ಡಾನ್

ಅಮ್ಮನಿಗೆ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಚಿಕ್ಕಮ್ಮನಿಗೆ ಕೇಳಿದೆ ಅಂತ ಹೇಳು.

ನಿನ್ನ ಪತ್ರ ಓದಿದಾಗಿನಿಂದ ಅಪ್ಪನದೇ ಯೋಚನೆ. ಕಣ್ಣು ಮಂಜಾಗಿ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಹತ್ತಿರ ಎಡವಿ ಬಿದ್ದರೂ, ನಾನು ಬರುವ ತನಕ ಆಪರೇಷನ್ ಬೇಡ ಅಂತಾರಂತೆ. ಯಾಕಮ್ಮ ಈ ಹಟ? ಪೊರೆ ತೆಗೆಯುವುದು ಈಗ ಸ್ವಲ್ಪ ಹೊತ್ತಿನ ಕೆಲಸ. ಹೆಚ್ಚಿನವರನ್ನು ಅದೇ ದಿನ ಮನೆಗೆ ಕಳಿಸುತ್ತಾರೆ.

ನನ್ನ ಬಗ್ಗೆ ಹೆದರಬೇಡಿ. ಸಿರಿಯಾ ಗಡಿ ಸುಮಾರು 12 ಕಿಲೋಮೀಟರ್ ಇರುವುದು ನಿಜ. ಆದರೆ ನಾವಿರುವುದು ಜೋರ್ಡಾನ್ ಒಳಗೆ. ಸಿರಿಯಾದಲ್ಲಿ ಅಸ್ಸಾದ್ ಸರ್ಕಾರ 2024ರ ಡಿಸೆಂಬರ್‌ನಲ್ಲಿ ಬಿದ್ದ ಮೇಲೆ ಎಷ್ಟೋ ಜನ ಗಂಟುಮೂಟೆ ಕಟ್ಟಿ ಊರಿಗೆ ವಾಪಸ್ ಹೋಗಿದ್ದಾರೆ. ಸಿರಿಯಾದ ಯುದ್ಧದಿಂದ ಓಡಿ ಬಂದವರಿಗೆ 2012ರಲ್ಲಿ ಟೆಂಟು ಹಾಕಿ ಶುರುವಾದ ಕ್ಯಾಂಪ್ ಇದು. ಈಗ ಮದುವೆ ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿಯೂ ಇದೆ! ಮೊದಲು ಟ್ಯಾಂಕರ್ ನೀರೇ ಗತಿಯಾಗಿತ್ತು. ಯುನಿಸೆಫ್‌ನವರು ಮನೆ ಮನೆಗೆ ಪೈಪು ಎಳೆಸಿದರು. ಜೋರ್ಡಾನ್‌ನಲ್ಲಿ ನೀರಿಗೆ ಎಷ್ಟು ಬರ ಅಂತ ನೋಡಿದವರಿಗೆ ಇದರ ಬೆಲೆ ಗೊತ್ತು. ಆ ನೀರಿನ ಕೆಲಸದಲ್ಲಿ ನಾನೂ ಇದ್ದೇನೆ ಅನ್ನೋದು ನನಗೆ ಹೆಮ್ಮೆ.

ಸೀನನಿಗೆ ಹೇಳು, ಇಲ್ಲಿ ರೇಷನ್ ತಗೊಳ್ಳಲು ಕಾರ್ಡ್ ಬೇಡ. ಯಂತ್ರಕ್ಕೆ ಕಣ್ಣು ತೋರಿಸಿದರೆ ಸಾಕು, ವಿಶ್ವ ಆಹಾರ ಕಾರ್ಯಕ್ರಮದವರು ಹಾಕಿದ ದುಡ್ಡಿನಲ್ಲಿ ಬಿಲ್ ಕಳೆಯುತ್ತದೆ. 2016ರಲ್ಲಿ ಶುರುವಾದ ಪದ್ಧತಿ ಇದು. ಆದರೆ ಬೇರೆ ದೇಶಗಳು ಕೊಡುವ ಹಣ ಸಾಲದೆ, 2023ರಲ್ಲಿ ತಿಂಗಳಿಗೆ ತಲಾ 23 ದಿನಾರ್ ಇದ್ದದ್ದನ್ನು 15ಕ್ಕೆ ಇಳಿಸಿದರು. ಮನೆಮಠ ಕಳೆದುಕೊಂಡವರ ಊಟಕ್ಕೇ ಕತ್ತರಿ ಹಾಕುವುದು ಅನ್ಯಾಯ ಅಲ್ವಾ? ಮೊನ್ನೆ ಒಬ್ಬ ಅಜ್ಜ ಆ ಯಂತ್ರದ ಮುಂದೆ ಕಣ್ಣು ಅಗಲಿಸಲು ಒದ್ದಾಡುತ್ತಿದ್ದರು. ಅಪ್ಪನೇ ನಿಂತ ಹಾಗೆ ಅನಿಸಿ ಹೊಟ್ಟೆಯಲ್ಲಿ ಸಂಕಟವಾಯಿತು.

ಯಾರೋ ದೇಶದವರಿಗೆ ನೀನ್ಯಾಕೆ ಅಂತ ಚಿಕ್ಕಪ್ಪ ಕೇಳಿದರಂತೆ. ಬೈಲಕುಪ್ಪೆ ನಮ್ಮ ತಾಲ್ಲೂಕಲ್ಲೇ ಇದೆ. 1960ರ ಸುಮಾರಿಗೆ ಮೈಸೂರು ಸರ್ಕಾರ ದೇಶ ಬಿಟ್ಟು ಬಂದ ಟಿಬೆಟಿನವರಿಗೆ ಅಲ್ಲಿ ಜಾಗ ಕೊಡದಿದ್ದರೆ ಅವರು ಎಲ್ಲಿಗೆ ಹೋಗಬೇಕಿತ್ತು? ಅಲ್ಲಿ ಅಪ್ಪನಿಗೇ ಎಷ್ಟು ಜನ ಸ್ನೇಹಿತರಿದ್ದಾರೆ.

ಸೀನನ ಖಾತೆಗೆ ದುಡ್ಡು ಹಾಕಿದ್ದೇನೆ. ಈ ವಾರವೇ ಅಪ್ಪನನ್ನು ಮೈಸೂರಿಗೆ ಕರೆದುಕೊಂಡು ಹೋಗಲಿ. ಮೊದಲು ಶುಗರ್ ಟೆಸ್ಟ್ ಮಾಡಿಸಿ. ಆಪರೇಷನ್ ಆದ ಮೇಲೆ ಬ್ಯಾರನ್ ಹೊಗೆ, ಧೂಳಿನ ಹತ್ತಿರ ಬಿಡಬೇಡ. ನನಗೆ ಊಟ, ನಿದ್ದೆ, ಎಲ್ಲ ಸರಿಯಾಗಿದೆ, ನಿಜವಾಗಿಯೂ. ವ್ಯಾನ್ ಬಂತು, ಹೊರಟೆ. ದಿನ ಗೊತ್ತಾದ ಕೂಡಲೇ ಫೋನ್ ಮಾಡಿಸು.

ನಿನ್ನ ಮಗಳು
ಸುಮ